ಸ್ವಾನ್ ಲೇಕಾ, ಒನೇಗಿನ್ನಾ? ನನಗಂತೂ ಕಾಲು ಕಾಣಬೇಕು

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಬ್ಯಾಲೆಗಳಲ್ಲಿ, ಅಂದರೆ ಯುರೋಪಿನ ನೃತ್ಯನಾಟಕಗಳಲ್ಲಿ, ನಾನು ಸ್ವಾನ್ ಲೇಕ್ ಕಡೆ. ಒನೇಗಿನ್‌ಗೆ ಎರಡೆರಡು ಸಲ ದುಡ್ಡು ಕೊಟ್ಟ ಹೊಟ್ಟೆಯುರಿ ಇನ್ನೂ ಆರಿಲ್ಲ.

ಹಾಸನದಲ್ಲಿ ಭರತನಾಟ್ಯ ಕಲಿಯೋಕೆ ಸೇರಿ ಒಂದು ವರ್ಷ ಆಯ್ತು, ಅದೂ ಮೂವತ್ತು ದಾಟಿದ ಮೇಲೆ. ಕ್ಲಾಸಿನಲ್ಲಿ ನನ್ನ ಪಕ್ಕ ನಿಲ್ಲುವವರು ಐದನೇ ಕ್ಲಾಸಿನ ಮಕ್ಕಳು. ನನ್ನನ್ನು ಆಂಟಿ ಅಂತಾರೆ, ಅಡವು, ಅಂದರೆ ಮೂಲ ಹೆಜ್ಜೆ, ತಪ್ಪಿದರೆ ಅವರೇ ತಿದ್ದುತ್ತಾರೆ. ಒಂದಿನ ಮೇಡಂ, ‘ಬೇರೆ ದೇಶದವರು ಕುಣಿಯೋದನ್ನೂ ನೋಡಿ, ಮೊದಲು ಕಾಲು ನೋಡಿ, ಮುಖ ಆಮೇಲೆ’ ಅಂದರು. ಹಾಸನಕ್ಕೆ ಬ್ಯಾಲೆ ಯಾರು ತರುತ್ತಾರೆ? ಒಂದು ಆ್ಯಪ್‌ನಲ್ಲಿ ಬಾಡಿಗೆಗೆ ತಗೊಂಡೆ. ಒಂದಕ್ಕೆ 390 ರೂಪಾಯಿ, 48 ಗಂಟೆ ಟೈಮ್.

ನಮ್ಮ ಭರತನಾಟ್ಯದ ಲೆಕ್ಕದಲ್ಲಿ ಹೇಳೋದಾದರೆ ಸ್ವಾನ್ ಲೇಕ್ ಹೆಜ್ಜೆಯೇ ಮುಖ್ಯವಾದ ತಿಲ್ಲಾನ ಇದ್ದ ಹಾಗೆ, ಒನೇಗಿನ್ ಭಾವವೇ ಮುಖ್ಯವಾದ ಪದಂ ಇದ್ದ ಹಾಗೆ. ಮೊದಲನೆಯದರಲ್ಲಿ ಕಥೆ ನೆಪಕ್ಕೆ ಮಾತ್ರ. ಮಾಟಕ್ಕೆ ಸಿಕ್ಕಿ ಹಂಸವಾದ ಹುಡುಗಿ, ಮೋಸಹೋದ ರಾಜಕುಮಾರ, ಅಷ್ಟೇ. ನೃತ್ಯ ಸಂಯೋಜಕರಾದ ಪೆಟಿಪಾ ಮತ್ತು ಇವಾನೊವ್ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಟ್ಟಿದ ಹೆಜ್ಜೆಗಳನ್ನೇ ಇವತ್ತಿಗೂ ಹೆಚ್ಚಿನವರು ಹಿಡಿದುಕೊಂಡಿದ್ದಾರೆ. ಎರಡನೆಯದು ರಷ್ಯಾದ ಕವಿ ಪುಷ್ಕಿನ್ ಕಾವ್ಯದ ಕಥೆ, ನೃತ್ಯ ಸಂಯೋಜಕ ಜಾನ್ ಕ್ರಾಂಕೊ 1965ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ್ದು. ಇಲ್ಲಿ ಒಂದೊಂದು ಹೆಜ್ಜೆಯೂ ಏನೋ ಹೇಳುತ್ತಿರುತ್ತೆ. ಸಂಗೀತ ಎರಡಕ್ಕೂ ಚೈಕೋವ್ಸ್ಕಿಯದೇ, ಅದರಲ್ಲಿ ಜಗಳ ಇಲ್ಲ.

ನನ್ನ ತಕರಾರು ಕ್ಯಾಮೆರಾದ್ದು. ನಾನು ನೋಡಿದ ಒನೇಗಿನ್ ರೆಕಾರ್ಡಿಂಗ್‌ನಲ್ಲಿ ಭಾವ ಸ್ವಲ್ಪ ಏರಿದರೆ ಸಾಕು, ಕ್ಯಾಮೆರಾ ಮುಖಕ್ಕೆ ಹೋಗಿಬಿಡುತ್ತೆ. ನಾಯಕಿ ಟಟಿಯಾನ ರಾತ್ರಿ ಕೂತು ತಾನು ಮನಸೋತ ಒನೇಗಿನ್‌ಗೆ ಪತ್ರ ಬರೆಯುತ್ತಾಳೆ, ಕನಸಿನಲ್ಲಿ ಅವನು ಕನ್ನಡಿಯೊಳಗಿಂದ ಬಂದು ಅವಳನ್ನು ತಲೆ ಮೇಲಕ್ಕೆ ಎತ್ತುತ್ತಾನೆ. ಎತ್ತುವ ಮುಂಚೆ ಅವಳು ಮಂಡಿ ಎಷ್ಟು ಬಗ್ಗಿಸಿದಳು, ಯಾವ ಕಾಲಿಂದ ಚಿಮ್ಮಿದಳು? ಗೊತ್ತಿಲ್ಲ. ಸ್ಕ್ರೀನ್ ತುಂಬ ಅವಳ ಹುಬ್ಬು. ಹಿಂದಕ್ಕೆ ಎಳೆದು ಮತ್ತೆ ನೋಡಿದೆ, ಮತ್ತೆ ಹುಬ್ಬು.

ನಮ್ಮ ಹಾಸನಾಂಬ ಕಲಾಕ್ಷೇತ್ರದಲ್ಲಿ ಕೊನೇ ಸಾಲಲ್ಲಿ ಕೂತರೂ ಕುಣಿಯುವವರು ಕಾಲಿಂದ ತಲೆವರೆಗೆ ಕಾಣುತ್ತಾರೆ ಅಲ್ವಾ? ಎಲ್ಲಿ ನೋಡಬೇಕು ಅನ್ನೋದು ನನ್ನ ಇಷ್ಟ. ಇಲ್ಲಿ ಅದನ್ನು ಬೇರೆ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಕಥೆ ನೋಡೋರಿಗೆ ಅದೇ ಸರಿ ಇರಬಹುದು. ನನಗಿನ್ನೂ ಮಂಡಿ ಪಕ್ಕಕ್ಕೆ ತಿರುಗಿಸಿ ಅರ್ಧ ಕೂರುವ ಅರೆಮಂಡಿಯೇ ಕೂತಿಲ್ಲ. ಬೇಲೂರಿಗೆ ಹೋದರೂ ಈಗ ಮದನಿಕೆಯರ ಮುಖ ಬಿಟ್ಟು ಮಂಡಿ ನೋಡುತ್ತೇನೆ, ಜೊತೆಗೆ ಬಂದವರು ನಗುತ್ತಾರೆ.

ಇನ್ನೊಂದು, ಒನೇಗಿನ್‌ನಂಥ ಕಥೆಯನ್ನು ತುಂಡು ತುಂಡಾಗಿ ನೋಡೋಕಾಗಲ್ಲ. ಮಗಳು ಮಲಗಿದ ಮೇಲೆ ನನಗೆ ಸಿಗೋದೇ ಇಪ್ಪತ್ತು ನಿಮಿಷ. ಮೊದಲ ದಿನ ಅರ್ಧಕ್ಕೆ ಬಿಟ್ಟೆ, ಎರಡನೇ ದಿನ ಮಳೆ ಬಂದು ಕರೆಂಟ್ ಹೋಯ್ತು, ಬರುವಷ್ಟರಲ್ಲಿ 48 ಗಂಟೆ ಮುಗಿದಿತ್ತು. ಕೇಳಿದ್ದಕ್ಕೆ ಆ್ಯಪ್‌ನವರು ‘ನಿಯಮ ಹೀಗೇ’ ಅಂತ ಒಂದು ಸಾಲು ಕಳಿಸಿ ಸುಮ್ಮನಾದರು. ಮತ್ತೆ 390 ಕೊಟ್ಟೆ. ಮುಂದೇನಾಯ್ತು ಅಂತ ತಿಳಿಯದೆ ನಿದ್ದೆ ಬರುತ್ತಿರಲಿಲ್ಲ, ಅದು ಒನೇಗಿನ್‌ನ ಗೆಲುವು ಅಂತ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಒನೇಗಿನ್ ಪತ್ರ ಬರೆದು ಟಟಿಯಾನಳ ಹಿಂದೆಯೇ ಬರುತ್ತಾನೆ. ಹಿಂದೆ ಅವನು ಅವಳ ಪತ್ರ ಹರಿದ ಹಾಗೇ ಅವಳೂ ಅವನದನ್ನು ಹರಿದು ಆಚೆ ಕಳಿಸುತ್ತಾಳೆ. ಅತ್ತುಬಿಟ್ಟೆ. ಆದರೆ ಮಾರನೇ ದಿನದ ಕ್ಲಾಸಿಗೆ ಅದರಿಂದ ಏನೂ ಸಿಗಲಿಲ್ಲ.

ಸ್ವಾನ್ ಲೇಕ್‌ನಲ್ಲಿ ನಾಲ್ಕು ಮರಿಹಂಸಗಳ ನೃತ್ಯ ಒಂದೂವರೆ ನಿಮಿಷದ್ದು. ನಾಲ್ವರೂ ಕೈಗೆ ಕೈ ಕತ್ತರಿ ಹಾಕಿ ಹಿಡಿದು, ಒಟ್ಟಿಗೆ ತಲೆ ತಿರುಗಿಸಿ, ಒಂದೇ ಅಳತೆಗೆ ಕಾಲೆತ್ತುತ್ತಾರೆ. ಒಬ್ಬಳು ಎಡವಿದರೆ ನಾಲ್ವರೂ ಹೋದರು. ಕ್ಯಾಮೆರಾ ದೂರ ನಿಲ್ಲಲೇಬೇಕು, ಇಲ್ಲದಿದ್ದರೆ ಸಾಲೇ ಕಾಣಲ್ಲ. ಸೊಪ್ಪು ಬಿಡಿಸುತ್ತಾ ಹತ್ತು ಸಲ ನೋಡಿದೆ. ಅವರ ಮಂಡಿ ಪಕ್ಕಕ್ಕೆ ತಿರುಗೋದು ಮಂಡಿಯಿಂದಲ್ಲ, ಸೊಂಟದ ಕೀಲಿಂದ. ಮೇಡಂ ವರ್ಷದಿಂದ ಇದನ್ನೇ ಬಡಕೊಳ್ಳುತ್ತಿದ್ದರು! ನಾವು ಹಾಗೆ ತಿರುಗಿಸಿ ಕೆಳಗೆ ಕೂರುತ್ತೇವೆ, ಅವರು ತಿರುಗಿಸಿ ಬೆರಳ ತುದಿಗೆ ಏರುತ್ತಾರೆ. ರಾಜಕುಮಾರನಿಗೆ ಮೋಸ ಮಾಡುವ ಕಪ್ಪು ಹಂಸ ಒಂಟಿ ಕಾಲಲ್ಲಿ ಹಾಕುವ 32 ಸುತ್ತು ಕುಕ್ಕರ್ ಒಂದು ವಿಷಲ್ ಕೂಗುವಷ್ಟರಲ್ಲಿ ಮುಗಿಯುತ್ತೆ.

ಸ್ವಾನ್ ಲೇಕ್‌ನಲ್ಲೂ ಕೊರತೆ ಇದೆ. ಒಬ್ಬೊಬ್ಬರ ಕುಣಿತ ಮುಗಿದಾಗಲೂ ಮುಂದೆ ಬಂದು ನಮಸ್ಕಾರ, ಚಪ್ಪಾಳೆ. ಅಷ್ಟು ಹೊತ್ತು ಕಥೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೆ. ಕೈಸನ್ನೆಯೂ ಕಮ್ಮಿ. ಮಣಿಕಟ್ಟು ಅಡ್ಡ ಇಟ್ಟರೆ ಸಾವು, ಉಂಗುರದ ಬೆರಳು ತೋರಿಸಿದರೆ ಮದುವೆ. ಭರತನಾಟ್ಯದ ಹಸ್ತಮುದ್ರೆಗಳನ್ನು ಬಾಯಿಪಾಠ ಮಾಡಿ ಸುಸ್ತಾದವರಿಗೆ ಇದು ಆರಾಮ.

ಬಿಡುವು, ದೊಡ್ಡ ಟಿವಿ, ಯುಪಿಎಸ್ ಮೂರೂ ಇದ್ದರೆ ನೀವು ಒನೇಗಿನ್ ನೋಡಿ. ನನ್ನ ಕೈಲಿ ತಿಂಗಳಿಗೆ ಒಂದೇ ಆಗೋದು. ಮುಂದಿನ ತಿಂಗಳು ಜಿಸೆಲ್ ಅನ್ನೋ ಬ್ಯಾಲೆ, 1841ರದ್ದು. ಮೊದಲ ಅಂಕ ಮೋಸಹೋದ ಹಳ್ಳಿ ಹುಡುಗಿಯ ಕಥೆ, ಎರಡನೆಯದು ಬಿಳಿ ಬಟ್ಟೆಯ ದೆವ್ವಗಳ ಸಾಲು. ಎರಡನೇ ಅಂಕದಿಂದ ಶುರು ಮಾಡುತ್ತೇನೆ.