ತಲೆಗೋ, ಗಾಡಿಗೋ, ಟೆಂಟಿಗೋ: ಕಾಡಿನ್ಯಾಗ ಫೀ ಇಡೋದಾದ್ರ ಯಾವುದು ಚಲೋ?

ಕಲಬುರಗಿ ಜಿಲ್ಲಾದ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಡ್ಯಾಮ್ ಅಂಥಾ ಕಡೆ ತಿರುಗಾಡಾಕ ಬರೋರಿಗೆ ಫೀ ಇಡೋದಾದ್ರ ತಲೆಗೆ ಇಡಬೇಕಾ, ಗಾಡಿಗಾ, ಇಲ್ಲಾ ರಾತ್ರಿ ಟೆಂಟ್ ಹಾಕೋರಿಗಷ್ಟೇನಾ ಅಂತ ಕೇಳೀರಲ್ರಿ.

ಮೊದಲು ವಸೂಲಿ ಖರ್ಚು ನೋಡ್ರಿ. ತಲೆಗೆ ಫೀ ಅಂದ್ರ ದಿನಾ ಗೇಟಿನ್ಯಾಗ ಮನಷ್ಯಾ ಕೂಡಬೇಕು, ಒಳಗ ಹೋಗೋ ದಾರಿ ನಾಕಾರು ಇದ್ರ ಒಂದು ಗೇಟ್ ಸಾಲಂಗಿಲ್ಲ, ನಮ್ಮ ಕಡೆ ಬ್ಯಾಸಿಗ್ಯಾಗ ಬರೋ ಜನಾನೂ ಕಡಿಮಿ, ಪಗಾರ ಮಾತ್ರ ನಿಲ್ಲಂಗಿಲ್ಲ. ಗಾಡಿ ಫೀ ಸಲೀಸು, ಬೈಕಿಗೊಂದು ಟೆಂಪೋಕ್ಕೊಂದು ರೇಟ್ ಇಟ್ರ ಆಯ್ತು. ಟೆಂಟಿಂದು ಮೊದಲೇ ಬುಕಿಂಗ್ ಮಾಡಿಸಿದ್ರ ಎಷ್ಟು ಮಂದಿ ಉಳೀತಾರಂತ ಗೊತ್ತಿರ್ತದ, ಆದ್ರ ಸಂಡಾಸ, ನೀರು, ಕಾವಲು ಕೊಡದೆ ರೊಕ್ಕ ಕೇಳಬಾರದು.

ಭಾರ ಯಾರ ಮೇಲೆ ಬೀಳ್ತದ ಅನ್ನೋದೇ ನನಗ ದೊಡ್ಡದು. ಸುತ್ತಮುತ್ತ ತಾಂಡಾಗಳವ, ದನ ಹೊಡ್ಕೊಂಡು ಹೋಗೋರಿಗೂ ಚೀಟಿ ಹರಿದ್ರ ಅದು ಅನ್ಯಾಯ ರೀ, ತಲೆಗೆ ಫೀ ಇಟ್ರ ಅವರಿಗೆ ಮಾಫಿ ಬರೆದೇ ಇಡಬೇಕು. ಅಮೇರಿಕಾದ ಸರಕಾರಿ ಕಾಡು-ಜಾಗಗಳ ಫೀ ಬಗ್ಗೆ ಇರೋ 2004ರ ಕಾಯ್ದೆದಾಗ ಸೌಲಭ್ಯ ಬಳಸದೆ ಬರೇ ನಡಕೊಂಡು ಹಾದು ಹೋಗೋರಿಗೆ ಫೀ ಹಾಕಂಗಿಲ್ಲ, ಬಂದ ರೊಕ್ಕದಾಗ ಸಾಮಾನ್ಯವಾಗಿ 80%ಕ್ಕ ಕಡಿಮಿ ಇಲ್ಲದಂಗ ಅದೇ ಜಾಗಕ್ಕ ಖರ್ಚಾಗಬೇಕು. ಈ ಎರಡನೇ ಮಾತು ನಮ್ಮಲ್ಲೂ ಬೇಕೇ ಬೇಕು.

ಬೀದರ್ ಕ್ವಾಟಿ ಹಂಗ ಗ್ವಾಡಿ, ಬಾಗಿಲಾ ಇರೋ ಜಾಗಕ್ಕ ತಲೆಗೆ ಫೀ ನಡೀತದ. ಆಯಿತ್ವಾರ ಗಾಡಿ ತುಂಬೋ ಡ್ಯಾಮಿಗೆ ಗಾಡಿ ಫೀ. ರಾತ್ರಿ ಬೆಂಕಿ ಹಚ್ಚೋದೇ ಚಿಂತಿ ಆಗಿದ್ರ ಟೆಂಟ್ ಫೀದಿಂದ ಶುರು ಮಾಡ್ರಿ.