ಪಿಕಪ್‌ಗೆ ಎಂಟು ಬಟನ್‌ನ ಸ್ವಿಚ್ ಪ್ಯಾನೆಲ್: ಪ್ಯಾನೆಲ್ ಕೊಳ್ಳಬಹುದು, ಜೊತೆಗೆ ಬರುವ ವೈರನ್ನು ಬಳಸಬೇಡಿ

ನಮ್ಮ ಮನೆ ಯಲಹಂಕದಲ್ಲಿ, ಸೇವಂತಿಗೆ ತೋಟ ದೊಡ್ಡಬಳ್ಳಾಪುರದ ಆಚೆ. ಹೂವು ನಸುಕಿಗೆ ಮುಂಚೆಯೇ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿಯಬೇಕಾದ್ದರಿಂದ ಬೊಲೆರೊ ಪಿಕಪ್‌ಗೆ ಮೂಟೆ ಏರಿಸುವ ಕೆಲಸವೆಲ್ಲ ಕತ್ತಲಲ್ಲೇ ನಡೆಯುತ್ತದೆ. ಬಹಳ ಕಾಲ ಮೊಬೈಲ್ ಟಾರ್ಚ್ ಹಿಡಿದು ಕಾಲ ತಳ್ಳಿದ ಮೇಲೆ, ಲೋಡ್ ಬಾಡಿಯೊಳಗೆ 10 ವ್ಯಾಟ್‌ನ ಒಂದು ಪಟ್ಟಿ ದೀಪ, ಹಿಂಬದಿಗೆ 18 ವ್ಯಾಟ್‌ನ ಎರಡು ಕೆಲಸದ ದೀಪ, ಮುಂದೆ ಬಂಪರ್‌ನ ಕೆಳಮಟ್ಟದಲ್ಲಿ 40 ವ್ಯಾಟ್‌ನ ಎರಡು ಹಳದಿ ಮಂಜುದೀಪ ಹಾಕಿಸಲು ತೀರ್ಮಾನಿಸಿದೆ. ನಂದಿ ಬೆಟ್ಟದ ತಪ್ಪಲಿನ ರಸ್ತೆಗಳಲ್ಲಿ ಡಿಸೆಂಬರ್, ಜನವರಿಯ ಮಂಜು ಎಂಥದ್ದೆಂಬುದು ಆ ಹೊತ್ತಿನಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು. ಒಂದೊಂದು ದೀಪಕ್ಕೂ ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ಒಂದೊಂದು ಸ್ವಿಚ್ ಕೂರಿಸುವ ಬದಲು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ 4,600 ರೂಪಾಯಿ ಕೊಟ್ಟು ಎಂಟು ಬಟನ್‌ನ ಸ್ವಿಚ್ ಪ್ಯಾನೆಲ್ ತಂದೆ. ಎರಡು ಮಳೆಗಾಲ ಕಳೆದಿರುವುದರಿಂದ ಅದರ ಗುಣದೋಷಗಳನ್ನು ಈಗ ಧೈರ್ಯವಾಗಿ ಹೇಳಬಲ್ಲೆ.

ಈ ಸಾಮಾನಿನಲ್ಲಿ ಎರಡು ಭಾಗಗಳಿವೆ. ಚಾಲಕನ ಕೈಗೆಟುಕುವಂತೆ ಅಂಟಿಸುವ ತೆಳುವಾದ ಬಟನ್ ಪಟ್ಟಿ ಒಂದು, ಬಾನೆಟ್ ಒಳಗೆ ಕೂರಿಸುವ ರಿಲೇ (ಸಣ್ಣ ಸಂಕೇತ ಬಂದರೆ ದೊಡ್ಡ ಕರೆಂಟನ್ನು ಹರಿಯಬಿಡುವ ಸ್ವಿಚ್ಚು) ಮತ್ತು ಫ್ಯೂಸ್‌ಗಳ ಪೆಟ್ಟಿಗೆ ಇನ್ನೊಂದು. ಎರಡರ ನಡುವೆ ಹಾಯುವುದು ಒಂದೇ ಒಂದು ಸಣ್ಣ ಕೇಬಲ್. ದೀಪಕ್ಕೆ ಹೋಗುವ ದೊಡ್ಡ ಕರೆಂಟು ಬ್ಯಾಟರಿಯಿಂದ ಪೆಟ್ಟಿಗೆಗೆ, ಅಲ್ಲಿಂದ ನೇರವಾಗಿ ದೀಪಕ್ಕೆ ಹೋಗುತ್ತದೆಯೇ ಹೊರತು ಡ್ಯಾಶ್‌ಬೋರ್ಡಿನ ಕಡೆಗೆ ಬರುವುದೇ ಇಲ್ಲ. ಬಟನ್ ಒತ್ತಿದಾಗ ಪೆಟ್ಟಿಗೆಯೊಳಗಿನ ರಿಲೇಗೆ ಸಣ್ಣದೊಂದು ಸಂಕೇತ ಮಾತ್ರ ಹೋಗುತ್ತದೆ. ಹೆಡ್‌ಲೈಟ್ ಸ್ವಿಚ್ಚಿಗೇ ಹೆಚ್ಚುವರಿ ದೀಪದ ವೈರು ಸುತ್ತಿ ಆ ಸ್ವಿಚ್ಚನ್ನೇ ಕರಗಿಸಿಕೊಂಡ ಗಾಡಿಗಳನ್ನು ನಾನು ನೋಡಿದ್ದೇನೆ. ಆ ಅಪಾಯ ಈ ವ್ಯವಸ್ಥೆಯಲ್ಲಿ ಇಲ್ಲ. ವಿನ್ಯಾಸದ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಸಾಮಾನು.

ತೊಂದರೆ ಎದುರಾದದ್ದು ಅಳವಡಿಕೆಯಲ್ಲಿ. ಅಂಗಡಿಯ ಎದುರಿನಲ್ಲೇ, ಫುಟ್‌ಪಾತಿನ ಪಕ್ಕ ಗಾಡಿ ನಿಲ್ಲಿಸಿಕೊಂಡು, ಹುಡುಗನೊಬ್ಬ ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಸಿ 1,200 ರೂಪಾಯಿ ಕೂಲಿ ಪಡೆದ. ಎಲ್ಲ ದೀಪಗಳೂ ಹೊತ್ತಿಕೊಂಡವು, ನಾನೂ ಸಂತೋಷದಿಂದ ಮನೆಗೆ ಬಂದೆ. ಮೂರನೆಯ ವಾರದಲ್ಲಿ ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಕ್ಯಾಬಿನ್ ತುಂಬಿತು. ಗಾಡಿ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿ ನೋಡಿದರೆ, ಬ್ಯಾಟರಿಯ ಪಕ್ಕದ ಸರ್ಕ್ಯೂಟ್ ಬ್ರೇಕರ್‌ನ (ಕರೆಂಟು ಮಿತಿ ಮೀರಿದರೆ ತಾನೇ ಟ್ರಿಪ್ ಆಗಿ ಸಂಪರ್ಕ ಕಡಿಯುವ ಸಾಧನ) ಒಂದು ಮೂಲೆ ಮೇಣದಂತೆ ಇಳಿದಿತ್ತು. ಬೆರಳಲ್ಲಿ ಮುಟ್ಟಿದರೆ ಅದರ ಟರ್ಮಿನಲ್ ಬೋಲ್ಟ್ ಸಡಿಲವಾಗಿ ತಿರುಗಿತು. ಸಡಿಲವಾದ ಜೋಡಣೆಯಲ್ಲಿ ಪ್ರತಿರೋಧ ಹೆಚ್ಚಿ, ಹರಿಯುವ ಕರೆಂಟು ಅಲ್ಲೇ ಶಾಖವಾಗುತ್ತದೆ. ಕರೆಂಟು ಮಿತಿ ಮೀರದ ಕಾರಣ ಬ್ರೇಕರ್ ಕೂಡ ಟ್ರಿಪ್ ಆಗುವುದಿಲ್ಲ. ಬ್ಯಾಟರಿಯ ಟರ್ಮಿನಲ್ ಕಳಚಿ, ಆ ದಿನದ ಹೂವನ್ನು ಬೇರೆಯವರ ಗಾಡಿಯಲ್ಲಿ ಕಳಿಸಿದೆ.

ಮರುದಿನ ಯಲಹಂಕದಲ್ಲಿ ನಮ್ಮ ಟ್ರ್ಯಾಕ್ಟರಿನ ವೈರಿಂಗ್ ನೋಡಿಕೊಳ್ಳುವ ಹಿರಿಯ ಎಲೆಕ್ಟ್ರಿಷಿಯನ್ ಬಳಿ ಗಾಡಿ ಒಯ್ದೆ. ಅವರು ಮೊದಲು ಪರೀಕ್ಷಿಸಿದ್ದು ಅರ್ಥ್ ವೈರನ್ನು, ಅಂದರೆ ಕರೆಂಟು ಗಾಡಿಯ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳಲು ಜೋಡಿಸುವ ವೈರನ್ನು. "ನೋಡಿ ಸಾರ್, ಬಣ್ಣದ ಮೇಲೇ ಸ್ಕ್ರೂ ಹೊಡೆದವ್ರೆ. ಬಣ್ಣದಲ್ಲಿ ಅರ್ಥ್ ಎಲ್ಲಿಂದ ಸಿಗುತ್ತೆ?" ಎಂದರು. ಆಮೇಲೆ ಹಿಂಬದಿಯ ದೀಪಕ್ಕೆ ಹೋಗಿದ್ದ ವೈರಿನ ತುದಿಯನ್ನು ಕತ್ತರಿಸಿ ಸಿಪ್ಪೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟರು. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಬೆರಳ ಗಾತ್ರದ ಭ್ರಮೆ ಹುಟ್ಟಿಸುವಷ್ಟು ದಪ್ಪವಾಗಿತ್ತು. ಒಳಗಿದ್ದದ್ದು ಕೂದಲೆಳೆಯಂಥ ಕೆಲವೇ ತಾಮ್ರದ ಎಳೆಗಳು, ಒಟ್ಟು ಸುಮಾರು ಅರ್ಧ ಚದರ ಮಿಲಿಮೀಟರ್. ಪ್ಯಾನೆಲ್‌ನ ಡಬ್ಬದಲ್ಲೇ ಬಂದಿದ್ದ ವೈರು ಇದು.

ಅರ್ಧ ಚದರ ಮಿಲಿಮೀಟರ್ ತಾಮ್ರದ ಪ್ರತಿರೋಧ ಮೀಟರಿಗೆ ಸುಮಾರು 0.035 ಓಮ್. ನನ್ನ ಗಾಡಿಯಲ್ಲಿ ಪೆಟ್ಟಿಗೆಯಿಂದ ಹಿಂಬದಿ ದೀಪದವರೆಗೆ ಆರು ಮೀಟರ್ ವೈರು ಬೇಕು. ಎರಡು ದೀಪಕ್ಕೆ 36 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 3 ಆಂಪಿಯರ್. ಅಷ್ಟಕ್ಕೇ 0.63 ವೋಲ್ಟ್ ವೈರಿನಲ್ಲಿ ಕಳೆದುಹೋಗುತ್ತದೆ; ಎರಡೂವರೆ ಚದರ ಮಿಲಿಮೀಟರ್ ವೈರಾದರೆ ನಷ್ಟ 0.13 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಹಿಂದೆ ಹ್ಯಾಲೊಜನ್ ಬಲ್ಬುಗಳಿದ್ದಾಗ ವೋಲ್ಟೇಜ್ ಇಳಿದರೆ ಬೆಳಕು ಕೆಂಪಗೆ ಮಂಕಾಗಿ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಈಗಿನ ಒಳ್ಳೆಯ ಎಲ್‌ಇಡಿ ದೀಪಗಳೊಳಗಿನ ಡ್ರೈವರ್ ಎಂಬ ನಿಯಂತ್ರಕ ಸರ್ಕ್ಯೂಟ್, ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟು ಎಳೆದು ಬೆಳಕನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಆದ್ದರಿಂದ ದೀಪ ಚೆನ್ನಾಗಿ ಉರಿಯುತ್ತಿದೆ ಎಂಬುದು ವೈರಿಂಗ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮೂರು ವಾರ ನಾನು ನಂಬಿ ಕೂತಿದ್ದು ಅದನ್ನೇ.

ಇದಕ್ಕಿಂತ ಗಂಭೀರವಾದ ದೋಷ ಫ್ಯೂಸ್‌ಗಳದ್ದು. ಫ್ಯೂಸ್ ಇರುವುದು ದೀಪವನ್ನು ಕಾಪಾಡಲು ಎಂದು ಅನೇಕರು ತಿಳಿದಿದ್ದಾರೆ. ಅದು ಕಾಪಾಡಬೇಕಾದದ್ದು ವೈರನ್ನು. ಈ ಪೆಟ್ಟಿಗೆಯಲ್ಲಿ ಹಿಂಬದಿ ದೀಪದ ಸಾಲಿಗೆ ಹಳದಿ ಬಣ್ಣದ 20 ಆಂಪಿಯರ್ ಫ್ಯೂಸ್ ಇತ್ತು. ಆ ಅರ್ಧ ಚದರ ಮಿಲಿಮೀಟರ್ ವೈರು ಚಾಸಿಗೆ ಉಜ್ಜಿ ಅರೆಬರೆ ಶಾರ್ಟ್ ಆಗಿದ್ದರೆ, ಫ್ಯೂಸ್ ಹಾರುವ ಮುಂಚೆ ವೈರಿನ ಸಿಪ್ಪೆಯೇ ಹೊತ್ತಿಕೊಳ್ಳುತ್ತಿತ್ತು. ಗಾಡಿಯ ಹಿಂದೆ ಗೋಣಿಚೀಲ, ಹಗ್ಗ, ಟಾರ್ಪಾಲು ತುಂಬಿರುವಾಗ ಅದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಬಾರಿ ಕೆಲಸ ಪೂರ್ತಿ ಒಂದು ದಿನ ಹಿಡಿಯಿತು. ಸಾಮಾನು, ಕೂಲಿ ಸೇರಿ 3,400 ರೂಪಾಯಿ ಆಯಿತು. ಬ್ಯಾಟರಿಯಿಂದ ಪೆಟ್ಟಿಗೆಗೆ 6 ಚದರ ಮಿಲಿಮೀಟರ್ ಕೇಬಲ್ ಎಳೆದು, ಕರಗಿದ್ದ ಬ್ರೇಕರ್ ಬಿಸಾಕಿ, ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಹಾಕಿದೆವು. ನನ್ನ ಎಲ್ಲ ದೀಪಗಳೂ ಒಟ್ಟಿಗೆ ಉರಿದರೂ 126 ವ್ಯಾಟ್, ಅಂದರೆ ಹತ್ತೂವರೆ ಆಂಪಿಯರ್. ಡಬ್ಬದ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿರುವ 60 ಆಂಪಿಯರ್ ನನಗೆ ಬೇಕೇ ಇಲ್ಲ. ದೀಪಗಳಿಗೆಲ್ಲ ಎರಡೂವರೆ ಚದರ ಮಿಲಿಮೀಟರ್ ವೈರು, ಮಂಜುದೀಪಕ್ಕೆ ಕೆಂಪು 10 ಆಂಪಿಯರ್ ಫ್ಯೂಸ್, ಉಳಿದವಕ್ಕೆ 5 ಆಂಪಿಯರ್. ಅರ್ಥ್ ಕೂರಿಸುವ ಜಾಗದಲ್ಲಿ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿ, ವೈರಿನ ತುದಿಗೆ ಲೋಹದ ಉಂಗುರವನ್ನು (ಲಗ್) ಒತ್ತಿ ಬಿಗಿದು, ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿದರು. ವೈರು ತಗಡಿನ ಗೋಡೆ ದಾಟುವ ಕಡೆ ರಬ್ಬರ್ ಬುಷ್, ಚಾಸಿಯ ಉದ್ದಕ್ಕೂ ಸುರುಳಿ ಪೈಪು. ಕಂಪನಿಯ ಒಂದು ವೈರನ್ನೂ ಕತ್ತರಿಸಲಿಲ್ಲ. ವಾರಂಟಿ ಇರುವ ಗಾಡಿಯವರು ಇದನ್ನು ಮೊದಲೇ ಷರತ್ತಾಗಿ ಹೇಳಿಬಿಡುವುದು ಒಳ್ಳೆಯದು.

ಬಟನ್ ಪಟ್ಟಿಯ ವಿಷಯದಲ್ಲಿ ನನಗೆ ಮೂರು ದೂರುಗಳಿವೆ. ಬಟನ್‌ಗಳು ಚಪ್ಪಟೆಯಾಗಿರುವುದರಿಂದ ಹೂವಿನ ನೀರು ಹತ್ತಿದ ಬೆರಳಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ರಸ್ತೆಯಿಂದ ಕಣ್ಣು ತೆಗೆದು ನೋಡಲೇಬೇಕು. ಯಾವ ಬಟನ್ ಹೆಚ್ಚು ಹೊತ್ತು ಒತ್ತಿದರೂ ಆ ದೀಪ ಪಟಪಟನೆ ಮಿಣುಕತೊಡಗುತ್ತದೆ, ಅದನ್ನು ಶಾಶ್ವತವಾಗಿ ನಿಲ್ಲಿಸುವ ದಾರಿ ಇಲ್ಲ. ಬಳ್ಳಾರಿ ರಸ್ತೆಯಲ್ಲಿ ಒಮ್ಮೆ ನನ್ನ ಮಂಜುದೀಪಗಳು ಹೀಗೆ ಮಿಣುಕಿ ಎದುರಿನವರು ಗಾಬರಿಗೊಂಡರು. ಮೂರನೆಯದು, ಕೀಲಿ ತೆಗೆದೊಡನೆ ಎಂಟೂ ಸಾಲುಗಳು ಸತ್ತುಹೋಗುತ್ತವೆ. ಬ್ಯಾಟರಿ ಉಳಿಸಲು ಅದು ಸರಿ. ಆದರೆ ಎಂಜಿನ್ ಆರಿಸಿ ಮೂಟೆ ಏರಿಸುವವನಿಗೆ ಬಾಡಿಯೊಳಗಿನ ಒಂದು ದೀಪವಾದರೂ ಬೇಕು. ನಾವು ಆ 10 ವ್ಯಾಟ್ ದೀಪವನ್ನು ಪ್ಯಾನೆಲ್‌ನಿಂದ ಬಿಡಿಸಿ, ಪ್ರತ್ಯೇಕ ಫ್ಯೂಸ್ ಕೊಟ್ಟು, ಹಿಂಬಾಗಿಲ ಬಳಿ ಸಾದಾ ಸ್ವಿಚ್ಚಿಗೆ ಜೋಡಿಸಿದೆವು.

ಪ್ಯಾನೆಲ್ ಜೊತೆ ಬರುವ ಹೆಸರು ಚೀಟಿಗಳೆಲ್ಲ ಇಂಗ್ಲಿಷಿನಲ್ಲಿವೆ. ನಮ್ಮ ಚಾಲಕ ಓದುವುದು ಕನ್ನಡ ಮಾತ್ರ. ಹಾಗಾಗಿ ನನ್ನ ಮಗಳು "ಮಂಜು", "ಹಿಂದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಹಾಕಿ ಅಂಟಿಸಿದಳು. ಆ ದಿನದಿಂದ ತಪ್ಪು ಬಟನ್ ಒತ್ತುವುದು ಬಹುಪಾಲು ನಿಂತಿದೆ.

ದೀಪ ಹಾಕಿಸುವವರು ಕಾನೂನನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯಡಿ ಪ್ರಕರಣ ದಾಖಲಿಸುತ್ತಿದ್ದಾರೆ. ಅದು ನ್ಯಾಯವೂ ಹೌದು; ಎದುರಿನಿಂದ ಬರುವ ದ್ವಿಚಕ್ರ ಸವಾರನಿಗೆ ಒಂದು ಕ್ಷಣ ರಸ್ತೆ ಕಾಣದಿದ್ದರೆ ಸಾಕು, ಅನಾಹುತವಾಗುತ್ತದೆ. ಛಾವಣಿಯ ಮೇಲೆ 120 ವ್ಯಾಟ್‌ನ ಉದ್ದನೆಯ ಪಟ್ಟಿ ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಬಹಳ ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಮಂಜುದೀಪಗಳನ್ನು ತಗ್ಗಿಸಿ ನೆಲಕ್ಕೆ ಬಾಗಿಸಿದ್ದೇನೆ. ಹಿಂಬದಿಯ ಕೆಲಸದ ದೀಪವನ್ನು ಗಾಡಿ ನಿಂತ ಮೇಲೆ, ತೋಟದೊಳಗೆ ಮಾತ್ರ ಹಾಕುತ್ತೇವೆ.

ಹಣಕ್ಕೆ ತಕ್ಕ ಸಾಮಾನೇ ಎಂದು ಕೇಳಿದರೆ, ಮೂರು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ದೀಪ ಇರುವವರು ಧಾರಾಳವಾಗಿ ಕೊಳ್ಳಬಹುದು, ಆದರೆ ಒಳ್ಳೆಯ ವೈರು, ಫ್ಯೂಸ್ ಮತ್ತು ಒಂದು ದಿನದ ಕೂಲಿಯನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಒಂದೆರಡೇ ದೀಪ ಇರುವವರಿಗೆ ತಲಾ ಒಂದು ರಿಲೇ, ಒಂದು ಫ್ಯೂಸ್, ಕೈಗೆ ಸ್ಪಷ್ಟವಾಗಿ ತಿಳಿಯುವ ಒಂದು ಸಾದಾ ಸ್ವಿಚ್ ಸಾಕು. ಕಳೆದ ಭಾನುವಾರ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಒಳಗೆ ನೀರು ಇಳಿದಿರಲಿಲ್ಲ, ಮುಖ್ಯ ಕೇಬಲಿನ ಬೋಲ್ಟ್ ಬಿಗಿಯಾಗಿಯೇ ಇತ್ತು. ಮಂಜುದೀಪದ ಫ್ಯೂಸಿನ ಒಂದು ಕಾಲಿಗೆ ಮಾತ್ರ ಹಸಿರು ಕಿಲುಬು ಹತ್ತಿತ್ತು. ಅದನ್ನು ಉಜ್ಜಿ, ಹೊಸ ಫ್ಯೂಸ್ ಹಾಕಿ ಮುಚ್ಚಿದೆ.