ಸೌದೆ ಸ್ಟವ್ ಜೊತೆ ಮೂರು ಚಳಿಗಾಲ: ಖರ್ಚು, ಕಾನೂನು, ಅನುಭವ

ನಾವು ಇರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಆಲ್ಬನಿ ಹತ್ತಿರ. ಮನೆ ಬೆಚ್ಚಗಿಡುವ ಎಣ್ಣೆ ಬಾಯ್ಲರ್ ಬಿಲ್ ಕಟ್ಟಿ ಕಟ್ಟಿ ಸಾಕಾಗಿ 2023ರ ಅಕ್ಟೋಬರ್‌ನಲ್ಲಿ ಸೌದೆ ಸ್ಟವ್ ಹಾಕಿಸಿದೆವು. ಸ್ಟವ್, ಚಿಮಣಿ ಒಳಗಿನ ಸ್ಟೀಲ್ ಕೊಳವೆ, ಕೂಲಿ ಎಲ್ಲ ಸೇರಿ 6,000 ಡಾಲರ್ ಆಯಿತು. ಶೇ 75ಕ್ಕಿಂತ ಕಡಿಮೆ ಇಲ್ಲದ ದಕ್ಷತೆಯ ಸ್ಟವ್ ಆದ್ದರಿಂದ ಕೇಂದ್ರ ತೆರಿಗೆಯಲ್ಲಿ ಖರ್ಚಿನ ಶೇ 30, ಅಂದರೆ 1,800 ಡಾಲರ್ ಉಳಿಯಿತು. ಈಗ ಹಾಕಿಸುವವರು ಆ ಲೆಕ್ಕ ಹಿಡಿಯಬೇಡಿ. 2025ರ ಡಿಸೆಂಬರ್ 31ಕ್ಕೆ ಆ ರಿಯಾಯಿತಿ ಮುಗಿದುಹೋಗಿದೆ.

ಮೊದಲ ಚಳಿಗಾಲ ಬಹಳ ಕಷ್ಟವಾಯಿತು. 'ಚೆನ್ನಾಗಿ ಒಣಗಿದೆ' ಅಂತ ಹೇಳಿ ಒಬ್ಬರು ಸೌದೆ ಇಳಿಸಿ ಹೋದರು. ಬೆಂಕಿಗೆ ಇಟ್ಟರೆ ಕೊರಡಿನ ತುದಿಯಲ್ಲಿ ನೀರು ಗುಳ್ಳೆ ಗುಳ್ಳೆಯಾಗಿ ಬಂದು ಚುಯ್ ಅನ್ನುತ್ತಿತ್ತು. ಸಂಜೆ ಒರೆಸಿದ ಗಾಜು ಬೆಳಿಗ್ಗೆ ಹೊತ್ತಿಗೆ ಕಪ್ಪು. ಸ್ಟವ್‌ನಲ್ಲೇ ಏನೋ ದೋಷ ಅಂದುಕೊಂಡಿದ್ದೆ. ಸಾಗರದಲ್ಲಿರುವ ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿದವರೇ, "ಹಸಿ ಸೌದೆ ಕಣೋ ಅದು, ಹೊಗೆ ಬರದೆ ಇನ್ನೇನು?" ಅಂದರು. ಬಚ್ಚಲು ಮನೆಯ ಹಂಡೆ ಒಲೆಗೆ ಮಳೆಗಾಲಕ್ಕೆ ಮುಂಚೆಯೇ ಸೌದೆ ಒಟ್ಟಿಡುತ್ತಿದ್ದ ಮನೆ ನಮ್ಮದು, ಅಲ್ವಾ! ತೇವ ಅಳೆಯುವ ಸಣ್ಣ ಮೀಟರ್ ತಂದೆ. ಒಂದು ಕೊರಡು ಸೀಳಿ ಒಳಮೈಗೆ ಚುಚ್ಚಿದರೆ ಶೇ 31 ತೋರಿಸಿತು. 20ರ ಒಳಗೆ ಇರಬೇಕು. ಹೊರಮೈಗೆ ಚುಚ್ಚಿ ನೋಡಿದರೆ ಸುಮ್ನೆ ಮೋಸ ಹೋಗುತ್ತೀರಿ. ಮಾರ್ಚ್‌ನಲ್ಲಿ ಚಿಮಣಿ ಗುಡಿಸಿದವರು ಅರ್ಧ ಬಕೆಟ್ ಹೊಳೆಯುವ ಕಪ್ಪು ಇಲ್ಲಣ ತೆಗೆದರು. ಅದಕ್ಕೆ ಕಿಡಿ ತಗುಲಿದರೆ ಚಿಮಣಿಯೇ ಉರಿಯುತ್ತದೆ.

ಈಗ ವಸಂತದಲ್ಲೇ ಸೌದೆ ತರಿಸಿ ಬಿಸಿಲು, ಗಾಳಿ ಆಡುವ ಕಡೆ ಒಟ್ಟುತ್ತೇವೆ. ಮೇಲೆ ಮಾತ್ರ ಹೊದಿಕೆ, ಪಕ್ಕಗಳು ತೆರೆದೇ ಇರಬೇಕು. ವರ್ಷಕ್ಕೆ ಮೂರು ಕಾರ್ಡ್ ಬೇಕು. ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ರಾಶಿ, ಒಟ್ಟು 128 ಘನ ಅಡಿ. ನಮಗೆ ಕಾರ್ಡ್‌ಗೆ 350 ಡಾಲರ್ ಬೀಳುತ್ತದೆ. ವರ್ಷಕ್ಕೆ 600 ಗ್ಯಾಲನ್ ಎಣ್ಣೆ ಸುಡುತ್ತಿದ್ದ ಮನೆಗೆ ಈಗ 250 ಸಾಕು. ಉಳಿತಾಯ ಇದೆ, ಆದರೆ ಹಾಕಿದ ದುಡ್ಡು ವಾಪಸ್ ಬರಲು ಹಲವು ವರ್ಷ ಬೇಕು. ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಕರೆಂಟ್ ಹೋದ ರಾತ್ರಿಗಳು. ಬಾಯ್ಲರ್ ನಿಂತಿತ್ತು, ಮಕ್ಕಳು ಸ್ಟವ್ ಮುಂದೆ ಬೆಚ್ಚಗೆ ಮಲಗಿದ್ದರು.

ಹಾಕಿಸುವ ಮೊದಲು ಟೌನ್ ಕಚೇರಿಯ ಪರ್ಮಿಟ್ ಬೇಕು. ವಿಮೆಯವರಿಗೂ ತಿಳಿಸಿ. ಇನ್ನೊಂದು ನಿಯಮ ಅನೇಕರಿಗೆ ಗೊತ್ತಿಲ್ಲ. ಈ ರಾಜ್ಯದಲ್ಲಿ ಶಾಖದಿಂದ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವ ಹಾಗಿಲ್ಲ. ಆಶ್ ಮರಗಳನ್ನು ಕೊಲ್ಲುವ ಹಸಿರು ದುಂಬಿಯಂಥ ಕೀಟಗಳು ಸೌದೆಯ ಜೊತೆಗೇ ಊರೂರು ಸೇರುತ್ತವೆ. ಬೂದಿಯನ್ನು ಮುಚ್ಚಳ ಇರುವ ಲೋಹದ ಡಬ್ಬಿಗೆ ತುಂಬಿ ಮನೆಯಿಂದ ದೂರ ಇಡಿ. ಅದರೊಳಗಿನ ಕೆಂಡ ದಿನಗಟ್ಟಲೆ ಆರುವುದಿಲ್ಲ.

ಈ ಸಲ ಬಂದ ರಾಶಿಯಲ್ಲಿ ಓಕ್ ಜಾಸ್ತಿ ಇದೆ. ಅದು ಒಣಗಲು ಎರಡು ವರ್ಷವಾದರೂ ಬೇಕು. ಆ ಸಾಲನ್ನು ಬೇರೆ ಒಟ್ಟಿ, ಸೀಮೆಸುಣ್ಣದಲ್ಲಿ 2028 ಅಂತ ಬರೆದಿಟ್ಟಿದ್ದೇನೆ.